ವಿದೂಷಕನ ಎದುರಿನ ಕುರ್ಚಿ

ಸಂಸ್ಕೃತ ನಾಟಕಗಳ ವಿದೂಷಕನಿಗೆ ಒಂದು ಸೌಕರ್ಯವುಂಟು. ಆತನು ಅರಸನ ಮಗ್ಗುಲಲ್ಲಿ ನಿಂತು ಏನನ್ನು ಬೇಕಾದರೂ ಆಡಬಹುದು. ಆಡಿದ ಮಾತಿನ ಹೊಣೆಯನ್ನು ಮಾತ್ರ ಹೊರಬೇಕಾದುದಿಲ್ಲ. ರಾಜನೂ ಮಂತ್ರಿಯೂ ಸಂಸ್ಕೃತದಲ್ಲಿ ನುಡಿಯುತ್ತಿರುವಾಗ, ಹುಟ್ಟಿನಿಂದ ಬ್ರಾಹ್ಮಣನಾದರೂ ಈತನು ಪ್ರಾಕೃತವನ್ನೇ ಹಿಡಿದು, ಮೋದಕದ ಕಡೆಗೆ ಒಂದು ಕಣ್ಣನ್ನಿಟ್ಟು, ಉಳಿದವರು ಹೇಳಲಾರದುದನ್ನು ಹೇಳಿ ಪಾರಾಗುವನು. ಯಕ್ಷಗಾನದ ಹಾಸ್ಯಗಾರನಿಗೂ ಈ ಸೌಕರ್ಯವು ತಕ್ಕಮಟ್ಟಿಗೆ ಉಂಟು. ದೂತನ ವೇಷದಲ್ಲಿ ಬಂದು ಎಂಥ ಕಿರೀಟಧಾರಿಯನ್ನಾದರೂ ಆತನು ಕೆಣಕಿಹೋಗಬಹುದು. ಸಭೆ ನಕ್ಕಿತೆಂದರೆ ಆತನ ಕೆಲಸ ಮುಗಿಯಿತು. ಆದರೆ ಆ ವಿದೂಷಕನನ್ನು ಒಂದು ಮೇಜಿನ ಹಿಂದೆ ಕುಳ್ಳಿರಿಸಿ, ಎದುರಿಗೆ ಇನ್ನೊಂದು ಕುರ್ಚಿಯನ್ನಿಟ್ಟು, ಇದುವರೆಗೆ ಯಾರನ್ನು ನೆನೆನೆನೆದು ಜನರನ್ನು ನಗಿಸುತ್ತಿದ್ದನೋ ಆ ಮಹಾಶಯನನ್ನೇ ಕರೆತಂದು ಅದರ ಮೇಲೆ ಕೂರಿಸಿದರೆ? ಆಗಲೂ ಹಾಸ್ಯವು ಹಾಸ್ಯವಾಗಿಯೇ ಉಳಿಯುವುದೆ? ಅಮೆರಿಕ ದೇಶದ ಟೆಲಿವಿಷನ್ನಿನಲ್ಲಿ ಈ ಪ್ರಯೋಗವು ಕಾಲು ಶತಮಾನಕ್ಕೂ ಮೀರಿ ನಡೆದಿದೆ.

ನಗೆಯ ಮೂಲಕ ವಾರ್ತೆಯನ್ನು ಹೇಳುವ ಪದ್ಧತಿಯು ಅಮೆರಿಕದವರ ಸ್ವಂತ ಸೃಷ್ಟಿಯೇನೂ ಅಲ್ಲ. ೧೯೬೨ರಲ್ಲಿಯೇ ಇಂಗ್ಲೆಂಡಿನ ಬಿ. ಬಿ. ಸಿ.ಯವರು ಶನಿವಾರದ ರಾತ್ರಿಗಳಲ್ಲಿ ‘ದಟ್ ವಾಸ್ ದಿ ವೀಕ್ ದಟ್ ವಾಸ್’ ಎಂಬ ಕಾರ್ಯಕ್ರಮವನ್ನು ನಡೆಯಿಸಿದರು. ಡೇವಿಡ್ ಫ್ರಾಸ್ಟ್ ಎಂಬ ತರುಣನು ಅದರ ಸೂತ್ರಧಾರ. ಮರುವರ್ಷ ಚುನಾವಣೆ ಬರಲಿದೆಯೆಂಬ ಕಾರಣದಿಂದ ೧೯೬೩ರ ಕೊನೆಗೆ ಅದನ್ನು ನಿಲ್ಲಿಸಲಾಯಿತು. ನಗೆಗೆ ಚುನಾವಣೆಯ ಭಯವೋ, ಚುನಾವಣೆಗೆ ನಗೆಯ ಭಯವೋ, ವಾಚಕರೇ ನಿರ್ಧರಿಸಿಕೊಳ್ಳಬಹುದು. ಅಮೆರಿಕದಲ್ಲಿ ‘ಕಾಮೆಡಿ ಸೆಂಟ್ರಲ್’ ಎಂಬ ವಾಹಿನಿಯು ‘ದಿ ಡೈಲಿ ಷೋ’ವನ್ನು ೧೯೯೬ರ ಜುಲೈ ತಿಂಗಳಲ್ಲಿ ಆರಂಭಿಸಿತು. ೧೯೯೯ರ ಜನವರಿ ೧೧ರಂದು ಜಾನ್ ಸ್ಟೂವರ್ಟ್ ಎಂಬಾತನು ಅದರ ಮೇಜಿನ ಹಿಂದೆ ಬಂದು ಕುಳಿತನು. ವೇದಿಕೆಯ ಮೇಲೆ ಒಬ್ಬನೇ ನಿಂತು ನಗಿಸುವುದು ಆತನ ಹಿಂದಿನ ಕಸುಬು. ವಾರಕ್ಕೆ ನಾಲ್ಕು ರಾತ್ರಿ, ಹನ್ನೊಂದು ಗಂಟೆಗೆ, ಅರ್ಧ ತಾಸು. ಅಂದರೆ ನಿಜವಾದ ವಾರ್ತೆಯನ್ನು ಕೇಳಿ ಬೇಸತ್ತ ಗೃಹಸ್ಥನು ದೀಪವನ್ನು ಆರಿಸುವುದಕ್ಕೆ ಮುನ್ನ.

ಆ ಅರ್ಧ ತಾಸಿನ ಮೊದಲ ಭಾಗವು ಸುಲಭವಾದುದೆಂದು ಹೇಳಿದರೆ ಅನ್ಯಾಯವಾದೀತು. ಒಬ್ಬ ಮುತ್ಸದ್ದಿಯು ಇಂದು ಆಡಿದ ಮಾತನ್ನು ತೋರಿಸಿ, ಅದೇ ಮುತ್ಸದ್ದಿಯು ಕೆಲವು ವರ್ಷಗಳ ಹಿಂದೆ ಅದಕ್ಕೆ ನೇರ ವಿರುದ್ಧವಾಗಿ ಆಡಿದ ಮಾತನ್ನು ಅದರ ಬೆನ್ನಿಗೇ ತೋರಿಸಿ, ತಾನು ಹುಬ್ಬನ್ನೇರಿಸಿ ಸುಮ್ಮನೆ ಕುಳಿತುಬಿಡುವುದು ಸ್ಟೂವರ್ಟನ ಮುಖ್ಯ ಆಯುಧ. ಇದಕ್ಕೆ ಬೇಕಾದುದು ಹಾಸ್ಯಕ್ಕಿಂತಲೂ ಹೆಚ್ಚಾಗಿ ಜ್ಞಾಪಕಶಕ್ತಿ. ವಾರ್ತೆಯನ್ನು ಹೇಳುವುದೇ ವೃತ್ತಿಯಾದವರು ಮರೆತುದನ್ನು ನಗಿಸುವುದು ವೃತ್ತಿಯಾದವನು ನೆನಪಿಟ್ಟುಕೊಂಡಿದ್ದನು. ಇಷ್ಟಾದರೂ ಒಂದು ಮಾತು ನಿಜ: ಆ ಮುತ್ಸದ್ದಿಯು ಅಲ್ಲಿರಲಿಲ್ಲ. ಇಲ್ಲದವನನ್ನು ಗೆಲ್ಲುವುದು ಎಷ್ಟು ದೊಡ್ಡ ಗೆಲವಾದರೂ ಅರ್ಧ ಗೆಲವೇ. ಕೊನೆಯ ಏಳೆಂಟು ನಿಮಿಷಗಳಲ್ಲಿ ಅತಿಥಿಯು ಬಂದು ಕುಳಿತ ಮೇಲೆಯೇ ಆತನ ನಿಜವಾದ ಪರೀಕ್ಷೆ.

ನಟನಟಿಯರು ಬಂದ ರಾತ್ರಿಗಳು ಬಹುಮಟ್ಟಿಗೆ ಮರೆಯತಕ್ಕವು. ಹೊಸ ಚಿತ್ರವೊಂದು ಶುಕ್ರವಾರ ಬರಲಿದೆ. ಅದನ್ನು ಹೇಳಬೇಕು, ಹೇಳಿದರು, ಎದ್ದುಹೋದರು. ವ್ಯಾಪಾರವನ್ನು ಮಾತುಕತೆಯೆಂದು ಕರೆಯುವುದು ಆ ದೇಶದ ಒಂದು ಸಭ್ಯತೆ. ಆದರೆ ಕ್ರಮಕ್ರಮವಾಗಿ ಆ ಕುರ್ಚಿಗೆ ಇತಿಹಾಸಕಾರರೂ ಅರ್ಥಶಾಸ್ತ್ರಜ್ಞರೂ ಯುದ್ಧದ ವರದಿಗಾರರೂ ಬರತೊಡಗಿದರು. ದಪ್ಪನೆಯ ಗ್ರಂಥವನ್ನು ಬರೆದ ಪಂಡಿತನು, ತಾರೆಯು ನಿನ್ನೆ ಕುಳಿತಿದ್ದ ಸ್ಥಳದಲ್ಲಿ ಇಂದು ಕುಳಿತು, ಏಳು ನಿಮಿಷಗಳಲ್ಲಿ ತನ್ನ ವಿಷಯವನ್ನು ಸಾಮಾನ್ಯರಿಗೆ ತಿಳಿಯುವಂತೆ ಹೇಳಬೇಕಾಯಿತು. ಕೆಲವರು ಹೇಳಿದರು, ಕೆಲವರು ಬೆವತರು.

೨೦೦೬ರ ಸೆಪ್ಟೆಂಬರ್ ೨೬ರ ರಾತ್ರಿ ಆ ಕುರ್ಚಿಯಲ್ಲಿ ಕುಳಿತವರು ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಜನರಲ್ ಪರ್ವೇಜ್ ಮುಷರಫರು. ಅವರ ಆತ್ಮವೃತ್ತಾಂತವು ಆಗತಾನೆ ಅಚ್ಚಾಗಿ ಹೊರಬಿದ್ದಿತ್ತು. ಸ್ಟೂವರ್ಟನು ಅತಿಥಿಗೆ ಚಹವನ್ನು ಕೊಟ್ಟು, ಟ್ವಿಂಕಿ ಎಂಬ ಅಂಗಡಿಯ ಸಿಹಿತಿಂಡಿಯೊಂದನ್ನು ಮುಂದಿರಿಸಿದನು. ಜನರಲ್ಲರು ಚಹವನ್ನು ಗುಟುಕರಿಸಿದರು. ರುಚಿಯನ್ನು ವಿಚಾರಿಸುವ ಧಾಟಿಯಲ್ಲಿಯೇ ಆತನು, ಒಸಾಮಾ ಬಿನ್ ಲಾಡೆನ್ ಎಲ್ಲಿದ್ದಾನೆಂದು ಕೇಳಿಬಿಟ್ಟನು. ಸಭೆಯು ಘೊಳ್ಳೆಂದು ನಕ್ಕಿತು. ಮುಷರಫರೂ ಹಿಂಜರಿಯದೆ, ತಮಗೆ ತಿಳಿಯದೆಂದೂ, ಸ್ಟೂವರ್ಟನಿಗೆ ತಿಳಿದಿದ್ದರೆ ಆತನು ಮುಂದೆ ನಡೆಯಲಿ, ತಾವು ಹಿಂಬಾಲಿಸುವೆವೆಂದೂ ಉತ್ತರ ಕೊಟ್ಟರು. ಒಳ್ಳೆಯ ಉತ್ತರವೇ. ಐದು ವರ್ಷಗಳೊಳಗಾಗಿ, ೨೦೧೧ರ ಮೇ ೨ರಂದು, ಅಮೆರಿಕದ ಸೈನಿಕರು ಬಿನ್ ಲಾಡೆನ್ನನನ್ನು ಪಾಕಿಸ್ತಾನದ ಅಬ್ಬೊಟಾಬಾದಿನಲ್ಲಿ, ಆ ದೇಶದ ಸೈನಿಕ ವಿದ್ಯಾಲಯಕ್ಕೆ ಅನತಿದೂರದ ಮನೆಯೊಂದರಲ್ಲಿ ಕೊಂದರು. ಆ ಚಹದ ಪ್ರಸಂಗವನ್ನು ಈಗ ನೋಡುವವರಿಗೆ ಪ್ರಶ್ನೆಯಲ್ಲಿ ನಗೆ ಕಾಣುವುದಿಲ್ಲ; ಉತ್ತರದಲ್ಲಿಯೂ ಕಾಣುವುದಿಲ್ಲ.

ಇಷ್ಟರಲ್ಲಿಯೇ ವಿದೂಷಕನ ಸೌಕರ್ಯವನ್ನು ಕುರಿತು ಒಂದು ವಿವಾದವೆದ್ದಿತ್ತು. ೨೦೦೪ರ ಅಕ್ಟೋಬರ್ ೧೫ರಂದು, ಅಧ್ಯಕ್ಷರ ಚುನಾವಣೆಗೆ ಮೂರು ವಾರಗಳೂ ಇಲ್ಲದಿರುವಾಗ, ಸಿ. ಎನ್. ಎನ್. ವಾಹಿನಿಯ ‘ಕ್ರಾಸ್‌ಫೈರ್’ ಎಂಬ ವಾದದ ಕಾರ್ಯಕ್ರಮಕ್ಕೆ ಸ್ಟೂವರ್ಟನು ಅತಿಥಿಯಾಗಿ ಹೋದನು. ಅದರಲ್ಲಿ ಎಡಪಕ್ಷದವರೊಬ್ಬರು, ಬಲಪಕ್ಷದವರೊಬ್ಬರು, ದಿನದಿನವೂ ಜಗಳ. ಅತಿಥಿಯು ನಗಿಸುವನೆಂದು ಆತಿಥೇಯರು ಕಾದಿದ್ದರು. ಆತನು ನಗಿಸಲಿಲ್ಲ. ಇದು ಚರ್ಚೆಯಲ್ಲ, ಚರ್ಚೆಯ ವೇಷ. ಇದರಿಂದ ದೇಶಕ್ಕೆ ಕೇಡಾಗುತ್ತಿದೆ, ನಿಲ್ಲಿಸಿರೆಂದು ಬೇಡಿಕೊಂಡನು. ಆಗ ಟಕ್ಕರ್ ಕಾರ್ಲ್‌ಸನ್ ಎಂಬವರು, ಅಭ್ಯರ್ಥಿಯಾದ ಜಾನ್ ಕೆರಿಯವರು ನಿನ್ನ ಎದುರಿಗೆ ಬಂದು ಕುಳಿತಾಗ ನೀನು ಕೇಳಿದ ಪ್ರಶ್ನೆಗಳು ಬೆಣ್ಣೆಯಂತಿದ್ದುವಲ್ಲ ಎಂದು ತಿರುಗಿಬಿದ್ದರು. ಸ್ಟೂವರ್ಟನ ಸಮಾಧಾನವು ಪ್ರಸಿದ್ಧವಾಗಿದೆ. ತನ್ನದು ಹಾಸ್ಯದ ವಾಹಿನಿ. ತನಗೆ ಮುಂಚೆ ಅಲ್ಲಿ ಬರುವುದು ಟೆಲಿಫೋನಿನಲ್ಲಿ ಜನರನ್ನು ಗೋಳಾಡಿಸುವ ಬೊಂಬೆಗಳ ಆಟ. ಅದರೊಡನೆ ಹೋಲಿಸಿಕೊಳ್ಳುವುದು ವಾರ್ತಾಸಂಸ್ಥೆಗೆ ನಾಚಿಕೆಯಲ್ಲವೆ ಎಂಬುದು ಅದರ ತಾತ್ಪರ್ಯ. ಮರು ಜನವರಿಯಲ್ಲಿ ಸಿ. ಎನ್. ಎನ್.ನವರು ‘ಕ್ರಾಸ್‌ಫೈರ್’ ಅನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಸ್ಟೂವರ್ಟನ ಟೀಕೆಯನ್ನು ತಾವು ಒಪ್ಪುವುದಾಗಿ ಆ ಸಂಸ್ಥೆಯ ಮುಖ್ಯಸ್ಥರೇ ಹೇಳಿದರು.

ಜಯವು ಆತನದೆಂದು ಎಲ್ಲರೂ ಬರೆದರು. ಆದರೆ ಕಾರ್ಲ್‌ಸನ್ನರ ಪ್ರಶ್ನೆಯು ಅಷ್ಟು ಸುಲಭವಾಗಿ ತೀರತಕ್ಕುದಲ್ಲ. ಪ್ರಶ್ನೆ ಕೇಳುವಾಗ ಪ್ರಜೆಗಳ ವಕೀಲ, ಪ್ರಶ್ನೆ ಬಂದಾಗ ಬೊಂಬೆಗಳ ನೆರೆಯವ, ಈ ಎರಡು ಅಂಗಿಗಳನ್ನು ಒಬ್ಬನೇ ಎಷ್ಟು ಕಾಲ ಬದಲಿಸಿ ಬದಲಿಸಿ ತೊಡಬಹುದು? ೨೦೦೯ರ ಜುಲೈ ತಿಂಗಳಲ್ಲಿ ವಾರ್ತಾವಾಚಕರ ಹಿರಿಯನಾದ ವಾಲ್ಟರ್ ಕ್ರಾಂಕೈಟರು ತೀರಿಹೋದಾಗ, ಈಗ ಅತ್ಯಂತ ನಂಬಿಕೆಗೆ ಯೋಗ್ಯನಾದ ವಾರ್ತಾವಾಚಕನಾರೆಂದು ‘ಟೈಮ್’ ಪತ್ರಿಕೆಯು ಅಂತರಜಾಲದಲ್ಲಿ ಕೇಳಿತು. ಶೇಕಡಾ ೪೪ ಮತಗಳು ಸ್ಟೂವರ್ಟನಿಗೆ ಬಿದ್ದವು. ತಾವಾಗಿ ಬಂದು ಮತ ಹಾಕಿದವರ ಎಣಿಕೆಯಾದುದರಿಂದ ಅದನ್ನು ತಕ್ಕಡಿಯಲ್ಲಿಟ್ಟು ತೂಗಬೇಕಾದುದಿಲ್ಲ. ಆದರೂ ನಂಬುವವರು ಇಷ್ಟು ಜನರಾದ ಮೇಲೆ ನಾನು ಬರಿಯ ಕೋಡಂಗಿಯೆಂಬ ಮಾತು ಮೊದಲಿನಂತೆ ಹೊಂದುವುದಿಲ್ಲ.

ಅದೇ ವರ್ಷದ ಮಾರ್ಚ್ ೧೨ರ ರಾತ್ರಿ ನಡೆದುದು ಇದಕ್ಕೆ ನಿದರ್ಶನ. ಹಿಂದಿನ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸಿನ ಸಂಸ್ಥೆಯು ಮುರಿದುಬಿದ್ದಿತ್ತು. ಮನೆಗಳ ಮೇಲಣ ಸಾಲವನ್ನು ತೀರಿಸಲಾರದೆ ಸಾಮಾನ್ಯರು ಬೀದಿಗೆ ಬರುತ್ತಿದ್ದರು. ಸಿ. ಎನ್. ಬಿ. ಸಿ. ಎಂಬ ವ್ಯಾಪಾರವಾರ್ತೆಯ ವಾಹಿನಿಯಲ್ಲಿ ರಿಕ್ ಸ್ಯಾಂಟೆಲಿ ಎಂಬವರು ಆ ಸಾಲಗಾರರಿಗೆ ಸಹಾಯ ಮಾಡಕೂಡದೆಂದು ಫೆಬ್ರವರಿಯಲ್ಲಿ ಗುಡುಗಿದ್ದರು. ಸ್ಟೂವರ್ಟನ ಮುಂದೆ ಬರುವುದಾಗಿ ಒಪ್ಪಿಕೊಂಡು, ಬರಲಿಲ್ಲ. ಆತನು ಸುಮ್ಮನಿರದೆ, ಅದೇ ವಾಹಿನಿಯ ತಜ್ಞರು ಸಂಸ್ಥೆಗಳು ಮುಳುಗುವುದಕ್ಕೆ ಸ್ವಲ್ಪ ಮುಂಚಿನವರೆಗೆ ಹೇಳುತ್ತಿದ್ದ ಭರವಸೆಯ ಮಾತುಗಳನ್ನು ಪೋಣಿಸಿ ತೋರಿಸಿದನು. ಮಾತಿಗೆ ಮಾತು ಬೆಳೆದು, ಕೊನೆಗೆ ಆ ವಾಹಿನಿಯ ಜಿಮ್ ಕ್ರೇಮರರು ಎದುರಿನ ಕುರ್ಚಿಗೆ ಬಂದರು. ಷೇರುಗಳ ವಿಷಯದಲ್ಲಿ ಗಂಟೆ ಬಾರಿಸಿ, ಕೂಗಾಡಿ, ತೋಳನ್ನು ಮಡಿಸಿ ಬುದ್ಧಿ ಹೇಳುವುದರಲ್ಲಿ ಹೆಸರಾದವರು ಅವರು.

ಆ ರಾತ್ರಿ ಸಭೆಯಲ್ಲಿ ನಗೆ ಅಪರೂಪವಾಗಿತ್ತು. ಷೇರಿನ ಬೆಲೆಯನ್ನು ಹೂಡಿಕೆಯ ನಿಧಿಗಳವರು ತಮಗೆ ಬೇಕಾದ ಕಡೆಗೆ ಹೇಗೆ ತಳ್ಳಬಲ್ಲರೆಂದು ಕ್ರೇಮರರು ೨೦೦೬ರಲ್ಲಿ ಇನ್ನೊಂದೆಡೆ ಸರಾಗವಾಗಿ ವಿವರಿಸಿದ್ದ ಚಿತ್ರವನ್ನು ಸ್ಟೂವರ್ಟನು ಒಂದೊಂದಾಗಿ ತೆರೆದು ತೋರಿಸಿದನು. ಒಳಗಿನ ಆಟವು ಹೀಗೆಂದು ತಿಳಿದವರು, ಹೊರಗೆ ಕುಳಿತ ಬಡವನಿಗೆ ನಿನ್ನ ಮುಪ್ಪಿನ ಗಂಟನ್ನು ಇಲ್ಲಿಡು ಎಂದು ಹೇಳುವುದೆಂತು? ಇದೇ ಆತನ ಪ್ರಶ್ನೆ. ಕ್ರೇಮರರು ವಾದಿಸಲಿಲ್ಲ, ಇನ್ನು ಮುಂದೆ ಹೆಚ್ಚು ಎಚ್ಚರವಾಗಿರಬಹುದೆಂಬರ್ಥದ ಮಾತುಗಳನ್ನು ಮೆತ್ತಗೆ ಹೇಳಿದರು. ಕಣ್ಣಿನೆದುರಿಗೆ ಕುಳಿತ ಮನುಷ್ಯನ ಮುಖವು ಸಪ್ಪಗಾದಾಗ, ಆತನ ತಪ್ಪು ಎಷ್ಟೇ ದೊಡ್ಡದಾಗಿರಲಿ, ನೋಡುವವನಿಗೆ ಒಂದು ಬಗೆಯ ಸಂಕೋಚವಾಗುವುದು. ಇಲ್ಲದವನನ್ನು ಕುರಿತ ನಗೆಯಲ್ಲಿ ಈ ಸಂಕೋಚವಿಲ್ಲ. ದೊಡ್ಡ ಸಂಸ್ಥೆಗಳ ಯಜಮಾನರು ಯಾರೂ ಆ ಕುರ್ಚಿಗೆ ಬರಲಿಲ್ಲವೆಂಬುದನ್ನೂ, ಬಂದವರಿಗೇ ಏಟು ಬಿದ್ದಿತೆಂಬುದನ್ನೂ ಮರೆಯಲಾಗದು.

ಏಟು ಯಾವಾಗಲೂ ಬೀಳುತ್ತಿತ್ತೆಂದೂ ಅಲ್ಲ. ೨೦೧೦ರ ಜನವರಿ ೧೧ರಂದು ಜಾನ್ ಯೂ ಎಂಬ ಕಾನೂನಿನ ಪ್ರೊಫೆಸರರು ಬಂದರು. ಸೆರೆಯಾಳುಗಳ ವಿಚಾರಣೆಯಲ್ಲಿ ಎಷ್ಟು ಹಿಂಸೆಗೆ ಕಾನೂನಿನ ಅಡ್ಡಿಯಿಲ್ಲವೆಂಬುದನ್ನು ೨೦೦೨ರಲ್ಲಿ ಸರ್ಕಾರಕ್ಕಾಗಿ ಬರೆದುಕೊಟ್ಟವರು ಅವರು. ಜನರು ಮಹಾಯುದ್ಧವನ್ನು ನಿರೀಕ್ಷಿಸಿದ್ದರು. ಪ್ರೊಫೆಸರರು ನಗುನಗುತ್ತ, ಸಮಾಧಾನವಾಗಿ, ಒಂದೊಂದು ಪ್ರಶ್ನೆಯನ್ನೂ ಇತಿಹಾಸದ ಕಡೆಗೋ ಸಂವಿಧಾನದ ಕಡೆಗೋ ತಿರುಗಿಸಿಕೊಂಡು ಹೋದರು. ಮರುರಾತ್ರಿ ಸ್ಟೂವರ್ಟನು ತಾನು ಸೋತೆನೆಂದೂ, ಅತಿಥಿಯು ಮರಳಿನಂತೆ ಬೆರಳ ಸಂದಿನಿಂದ ಜಾರಿಹೋದರೆಂದೂ ಪ್ರೇಕ್ಷಕರೆದುರಿಗೆ ಒಪ್ಪಿಕೊಂಡನು. ಸಭ್ಯತೆಯಿಂದ ಮಾತನಾಡುವ ಎದುರಾಳಿಯ ಮುಂದೆ ವಿಡಂಬನೆಯ ಹಲ್ಲು ನಾಟುವುದಿಲ್ಲ. ಅಲ್ಲಿ ಬೇಕಾದುದು ವಕೀಲನ ಪಾಟೀಸವಾಲು, ಅದಕ್ಕೆ ಹನ್ನೆರಡು ವರ್ಷದ ಕಾನೂನಿನ ಅಭ್ಯಾಸ.

ಸ್ಟೂವರ್ಟನ ಶಿಷ್ಯನೆನ್ನಬಹುದಾದ ಸ್ಟೀಫನ್ ಕೋಲ್ಬೇರನು ಈ ತೊಡಕಿಗೆ ಬೇರೊಂದು ಉಪಾಯವನ್ನು ಕಂಡುಹಿಡಿದನು. ೨೦೦೫ರ ಅಕ್ಟೋಬರಿನಿಂದ ೨೦೧೪ರ ಡಿಸೆಂಬರಿನವರೆಗೆ ನಡೆದ ತನ್ನ ಕಾರ್ಯಕ್ರಮದಲ್ಲಿ ಆತನು ತಾನಾಗಿ ಕುಳಿತುಕೊಳ್ಳಲೇ ಇಲ್ಲ; ದರ್ಪದ, ಅಲ್ಪಜ್ಞನಾದ, ಬಲಪಕ್ಷದ ಪಂಡಿತನ ವೇಷವನ್ನು ಹಾಕಿಕೊಂಡು ಕುಳಿತನು. ಅತಿಥಿಯು ವೇಷಕ್ಕೆ ಉತ್ತರ ಕೊಡಬೇಕು. ಚಮತ್ಕಾರವೇನೋ ದೊಡ್ಡದು, ಫಲವು ವಿಚಿತ್ರ. ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೯ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಎಡಪಕ್ಷದ ನೋಟಕರು ಇದು ವೇಷವೆಂದು ನಕ್ಕರು. ಬಲಪಕ್ಷದ ನೋಟಕರಲ್ಲಿ ಹೆಚ್ಚಿನವರು, ಈತನು ಹಾಸ್ಯದ ನೆವದಿಂದ ತನ್ನ ನಿಜವಾದ ಅಭಿಪ್ರಾಯವನ್ನೇ ಹೇಳುತ್ತಿದ್ದಾನೆಂದು ನಕ್ಕರು. ನಕ್ಕವರಿಬ್ಬರೂ; ಕಂಡುದು ಮಾತ್ರ ಅವರವರ ಮುಖವನ್ನೇ. ಆದರೆ ಆತನಿಗೆ ಸಲ್ಲಬೇಕಾದ ಕೀರ್ತಿಯನ್ನು ಕೊಡದಿರಬಾರದು. ಚುನಾವಣೆಗೆ ಎಲ್ಲೆಯಿಲ್ಲದೆ ಹಣವನ್ನು ಸುರಿಯಬಹುದೆಂದಾದಾಗ, ಆತನು ೨೦೧೧ರಲ್ಲಿ ಅಂಥ ನಿಧಿಯೊಂದನ್ನು ತಾನೇ ಸ್ಥಾಪಿಸಿ, ಚುನಾವಣಾ ಆಯೋಗದ ಅಧ್ಯಕ್ಷರಾಗಿದ್ದ ಟ್ರೆವರ್ ಪಾಟರರನ್ನು ಪದೇ ಪದೇ ಕೂರಿಸಿಕೊಂಡು, ಇದನ್ನು ಮಾಡಬಹುದೆ, ಅದನ್ನು ಮಾಡಬಹುದೆ ಎಂದು ಕೇಳುತ್ತ ಹೋದನು. ಮಾಡಬಹುದೆಂಬುದೇ ಪ್ರತಿಸಲದ ಉತ್ತರ. ಆ ಕಾರ್ಯಕ್ರಮವನ್ನು ನೋಡಿದವರಿಗೆ ಚುನಾವಣೆಯ ಹಣದ ಕಾನೂನು ಇತರ ವಾರ್ತಾವಾಹಿನಿಗಳನ್ನು ನೋಡಿದವರಿಗಿಂತ ಹೆಚ್ಚು ತಿಳಿದಿತ್ತೆಂದು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ೨೦೧೪ರಲ್ಲಿ ವರದಿ ಮಾಡಿದರು.

ಇದುವರೆಗಿನ ಪ್ರಸಂಗಗಳಲ್ಲಿ ಸೋತವನಿಗೆ ಹೋದದ್ದು ಮಾನ; ಹೆಚ್ಚೆಂದರೆ ಕೆಲಸ. ಆದರೆ ಆ ಕುರ್ಚಿಯನ್ನು ನ್ಯೂಯಾರ್ಕಿನಿಂದ ಹೊರಕ್ಕೆ ಒಯ್ದ ಒಂದು ಸಂದರ್ಭವುಂಟು. ೨೦೦೯ರ ಜೂನ್ ೧೨ರಂದು ಇರಾನಿನಲ್ಲಿ ಚುನಾವಣೆಯಾಯಿತು. ಆ ಹೊತ್ತಿನಲ್ಲಿ ಸ್ಟೂವರ್ಟನ ಕಾರ್ಯಕ್ರಮದ ಜೇಸನ್ ಜೋನ್ಸ್ ಎಂಬ ನಟನು ವರದಿಗಾರನ ವೇಷದಲ್ಲಿ ಟೆಹರಾನಿಗೆ ಹೋಗಿ ಮೂವರನ್ನು ಸಂದರ್ಶಿಸಿದನು: ವಿದೇಶಾಂಗ ಮಂತ್ರಿಯಾಗಿದ್ದ ಇಬ್ರಾಹಿಂ ಯಜ್ದಿ, ಉಪಾಧ್ಯಕ್ಷರಾಗಿದ್ದ ಮೊಹಮ್ಮದ್ ಅಲಿ ಅಬ್ತಾಹಿ, ಪತ್ರಿಕೋದ್ಯೋಗಿಯಾದ ಮಜಿಯಾರ್ ಬಹಾರಿ. ಬಹಾರಿಯವರ ಮುಂದೆ ಜೋನ್ಸನು ತಾನೊಬ್ಬ ಗೂಢಚಾರನೆಂಬಂತೆ ಅಭಿನಯಿಸಿದನು. ಅಮೆರಿಕದವರ ಅಜ್ಞಾನವನ್ನು ಅಮೆರಿಕದವರಿಗೇ ತೋರಿಸಿ ನಗಿಸುವುದು ಉದ್ದೇಶ, ನಗೆಗೀಡಾದವನು ಜೋನ್ಸನೇ. ಇರಾನಿನವರು ರಾಕ್ಷಸರಲ್ಲ, ಮಾತುಬಲ್ಲ ಮನುಷ್ಯರೆಂದು ತೋರಿಸುವ ಸದುದ್ದೇಶವೂ ಅದರಲ್ಲಿತ್ತು.

ಚುನಾವಣೆಯ ಫಲಿತಾಂಶವನ್ನು ಕುರಿತು ಗಲಭೆಯೆದ್ದಿತು. ಆ ಮೂವರೂ ಬಂಧಿತರಾದರು. ಬಹಾರಿಯವರನ್ನು ಜೂನ್ ೨೧ರಂದು ತಾಯಿಯ ಮನೆಯಿಂದ ಹಿಡಿದೊಯ್ದು ಎವಿನ್ ಸೆರೆಮನೆಯಲ್ಲಿಟ್ಟರು. ಅವರ ಪತ್ನಿಯು ಲಂಡನ್ನಿನಲ್ಲಿ ಗರ್ಭಿಣಿಯಾಗಿದ್ದಳು. ವಿಚಾರಣೆ ಮಾಡುತ್ತಿದ್ದವನ ಮುಖವನ್ನು ನೋಡಲು ಬಿಡುತ್ತಿರಲಿಲ್ಲ. ಆತನು ಲೇಪಿಸಿಕೊಂಡಿದ್ದ ಪನ್ನೀರಿನ ವಾಸನೆಯಿಂದಲೇ ಆತನನ್ನು ಗುರುತಿಸುತ್ತಿದ್ದರಂತೆ. ಒಂದು ದಿನ ಆ ಹಾಸ್ಯದ ಸಂದರ್ಶನವನ್ನು ಮುಂದೆ ತೋರಿಸಿ, ಈ ಅಮೆರಿಕದ ಗೂಢಚಾರನೊಡನೆ ನಿನಗೇನು ಕೆಲಸವೆಂದು ಕೇಳಿದರು. ಅದು ವಿನೋದವೆಂದು ಬಹಾರಿಯವರು ಹೇಳಿದರು. ವಿನೋದವೆಂಬ ಉತ್ತರವು ಸಾಕ್ಷ್ಯವನ್ನು ಬಲಪಡಿಸಿತೇ ಹೊರತು ಅಳಿಸಲಿಲ್ಲ. ಗೂಢಚಾರನು ತಾನು ಗೂಢಚಾರನಲ್ಲವೆಂದೇ ಹೇಳುವನಷ್ಟೆ. ಸೂತ್ರಧಾರನು ಬಂದು ನಾಂದಿಯನ್ನು ಹಾಡದಿದ್ದರೆ ನಾಟಕವು ನಾಟಕವೆಂದು ಸಭೆಗೆ ತಿಳಿಯುವುದೆಂತು? ಆ ಸೆರೆಮನೆಯ ಕೋಣೆಯಲ್ಲಿ ನಾಂದಿಯಿರಲಿಲ್ಲ. ನಗುವ ಸಭೆಯೂ ಇರಲಿಲ್ಲ. ಬಹಾರಿಯವರು ೧೧೮ ದಿನಗಳ ಮೇಲೆ ಬಿಡುಗಡೆ ಹೊಂದಿ, ಮಗು ಹುಟ್ಟುವ ವೇಳೆಗೆ ಲಂಡನ್ನನ್ನು ಸೇರಿದರು.

ಅದೇ ವರ್ಷದ ನವೆಂಬರಿನಲ್ಲಿ ಅವರು ಸ್ಟೂವರ್ಟನ ಎದುರಿನ ಕುರ್ಚಿಯಲ್ಲಿ ಬಂದು ಕುಳಿತರು. ಆ ಸಂದರ್ಶನವಿಲ್ಲದಿದ್ದರೂ ತಮ್ಮನ್ನು ಹಿಡಿಯುತ್ತಲೇ ಇದ್ದರು, ಬೇರೆ ನೆವವನ್ನು ಹುಡುಕುತ್ತಿದ್ದರು ಎಂಬುದು ಬಹಾರಿಯವರ ಅಭಿಪ್ರಾಯ. ಆತಿಥೇಯನನ್ನು ಅವರು ದೂರಲಿಲ್ಲ. ಆದರೆ ಕ್ಷಮೆಯು ಸಿಕ್ಕಿದ ಮಾತ್ರಕ್ಕೆ ಮನಸ್ಸು ಹಗುರವಾಗುವುದೆಂದು ಯಾರು ಹೇಳಿದರು? ಹದಿನಾರು ವರ್ಷಗಳಲ್ಲಿ ಒಂದೇ ಒಂದು ಬೇಸಿಗೆ, ೨೦೧೩ರಲ್ಲಿ, ಸ್ಟೂವರ್ಟನು ಮೇಜನ್ನು ಜಾನ್ ಆಲಿವರ್ ಎಂಬ ಜೊತೆಗಾರನಿಗೆ ಒಪ್ಪಿಸಿ, ಬಹಾರಿಯವರ ಸೆರೆವಾಸದ ಕಥೆಯನ್ನು ಚಲಚ್ಚಿತ್ರವಾಗಿ ನಿರ್ದೇಶಿಸಲು ಹೋದನು. ‘ರೋಸ್‌ವಾಟರ್’ ಎಂಬ ಆ ಚಿತ್ರವು ೨೦೧೪ರಲ್ಲಿ ಹೊರಬಿದ್ದಿತು. ಪನ್ನೀರಿನ ಹೆಸರೇ ಅದಕ್ಕೆ. ಜೇಸನ್ ಜೋನ್ಸನು ಅದರಲ್ಲಿ ತನ್ನ ಪಾತ್ರವನ್ನು ತಾನೇ ಅಭಿನಯಿಸಿದನು.

ವಿದೂಷಕನು ಹಾಸ್ಯವನ್ನು ಪೂರಾ ಕೆಳಗಿಟ್ಟ ರಾತ್ರಿಯೂ ಒಂದುಂಟು. ೨೦೦೧ರ ಸೆಪ್ಟೆಂಬರ್ ೧೧ರಂದು ಕುಸಿದ ಗೋಪುರಗಳ ಧೂಳಿನಲ್ಲಿ ತಿಂಗಳುಗಟ್ಟಲೆ ದುಡಿದು ಶ್ವಾಸಕೋಶವನ್ನು ಕೆಡಿಸಿಕೊಂಡವರ ಚಿಕಿತ್ಸೆಯ ಮಸೂದೆಯನ್ನು ೨೦೧೦ರ ಡಿಸೆಂಬರಿನಲ್ಲಿ ಸೆನೆಟ್ಟಿನಲ್ಲಿ ಮತಕ್ಕೆ ಬಾರದಂತೆ ತಡೆದಿದ್ದರು. ಡಿಸೆಂಬರ್ ೧೬ರಂದು ಸ್ಟೂವರ್ಟನು ತಾರೆಯರನ್ನು ಕರೆಯದೆ ಅಂಥ ರೋಗಿಗಳಾದ ನಾಲ್ವರನ್ನು ಕೂರಿಸಿ ಮಾತನಾಡಿಸಿದನು. ಆರನೆಯ ದಿನ ಮಸೂದೆಯು ಅಂಗೀಕೃತವಾಯಿತು. ಅದು ಆತನೊಬ್ಬನ ಕೆಲಸವೆನ್ನುವುದು ಅತಿಶಯೋಕ್ತಿ. ಆತನ ಕೆಲಸವೇನೂ ಇಲ್ಲವೆನ್ನುವುದು ಅದಕ್ಕಿಂತ ದೊಡ್ಡ ಅತಿಶಯೋಕ್ತಿ.

೨೦೧೫ರ ಆಗಸ್ಟ್ ೬ರಂದು ಆತನು ಮೇಜನ್ನು ಬಿಟ್ಟನು. ೨೦೨೪ರ ಫೆಬ್ರವರಿಯಲ್ಲಿ ಸೋಮವಾರದ ರಾತ್ರಿಗಳಿಗೆ ಮರಳಿದನು. ನಡುವೆ, ೨೦೧೯ರ ಜೂನ್ ೧೧ರಂದು, ವಾಷಿಂಗ್ಟನ್ನಿನ ಕಾಂಗ್ರೆಸ್ ಸಮಿತಿಯೊಂದರ ಮುಂದೆ ಸಾಕ್ಷಿಯ ಕುರ್ಚಿಯಲ್ಲಿ ಕುಳಿತವನು ಆತನೇ. ಆ ರೋಗಿಗಳ ಪರಿಹಾರನಿಧಿಯು ಬತ್ತುತ್ತ ಬಂದಿತ್ತು. ಹಿಂದೆ, ಬಗ್ಗಡವಾದ ಉಸಿರಿನ ಮಂದಿಯಿಂದ ಸಭಾಂಗಣವು ತುಂಬಿತ್ತು. ಮುಂದೆ, ಪ್ರತಿನಿಧಿಗಳ ಆಸನಗಳಲ್ಲಿ ಹಲವು ಬರಿದಾಗಿದ್ದುವು. ಆ ಬರಿಯ ಕುರ್ಚಿಗಳನ್ನೇ ಕುರಿತು ಆತನು ಮಾತನಾಡಿದನು. ಕೋಪದಿಂದ ಕಂಠವು ಬಿಗಿದಿತ್ತು. ಹಾಸ್ಯದ ಒಂದು ಪದವೂ ಬರಲಿಲ್ಲ. ಅದೇ ಮೇಜಿನಲ್ಲಿ ಸಾಕ್ಷಿ ಹೇಳಿದವರಲ್ಲಿ ನ್ಯೂಯಾರ್ಕಿನ ಪೊಲೀಸ್ ಪತ್ತೇದಾರರಾಗಿದ್ದ ಲೂಯಿಸ್ ಆಲ್ವರೆಜರೂ ಇದ್ದರು; ನಾಳೆ ತಮಗೆ ಅರುವತ್ತೊಂಬತ್ತನೆಯ ಸಲದ ಕಿಮೊಥೆರಪಿಯೆಂದು ಅವರು ಸಭೆಗೆ ತಿಳಿಸಿದರು. ಪ್ರತಿನಿಧಿಸಭೆಯು ಜುಲೈ ೧೨ರಂದು ೪೦೨ಕ್ಕೆ ೧೨ ಮತಗಳಿಂದಲೂ, ಸೆನೆಟ್ಟು ಜುಲೈ ೨೩ರಂದು ೯೭ಕ್ಕೆ ೨ ಮತಗಳಿಂದಲೂ ೨೦೯೨ರವರೆಗೆ ಆ ನಿಧಿಯನ್ನು ಮುಂದುವರಿಸಿದುವು. ಆಲ್ವರೆಜರು ಜೂನ್ ೨೯ರಂದೇ ತೀರಿಹೋಗಿದ್ದರು.